ರೋಗಿಗೆ ಮದ್ದಿನಷ್ಟೇ ಮಾತೂ ಬೇಕು: ಕಂಕನಾಡಿಯ ಫಾದರ್ ಮುಲ್ಲರ್

ನಮ್ಮ ರಿಪ್ಪನ್‌ಪೇಟೆ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಕಾಯಿಲೆ ಸ್ವಲ್ಪ ದೊಡ್ಡದಾಯಿತೆಂದರೆ ಮುಂದೆ ಇರುವುದು ಎರಡು ದಾರಿ. ಒಂದು ಶಿವಮೊಗ್ಗದ ದಾರಿ, ಇನ್ನೊಂದು ಘಟ್ಟ ಇಳಿಯುವ ದಾರಿ. ಹುಲಿಕಲ್ ಘಾಟಿಯಲ್ಲೋ ಆಗುಂಬೆ ಘಾಟಿಯಲ್ಲೋ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತೇವೆ. ತಿರುವುಗಳಲ್ಲಿ ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರಿಗೆ ಆ ದಾರಿ ಎಷ್ಟು ಉದ್ದವೆಂಬುದು ಚೆನ್ನಾಗಿ ಗೊತ್ತು.

ಹಾಗೆ ಇಳಿದವರು ತಲುಪುವ ಸ್ಥಳಗಳಲ್ಲಿ ಮಂಗಳೂರಿನ ಕಂಕನಾಡಿಯೂ ಒಂದು. ಅಲ್ಲಿನ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರನ್ನು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ಆ ಮುಲ್ಲರ್ ಯಾರು, ಎಲ್ಲಿಂದ ಬಂದರು, ಏನು ಮಾಡಿದರು ಎಂದು ಒಮ್ಮೆ ತರಗತಿಯಲ್ಲಿ ಕೇಳಿದಾಗ ಒಬ್ಬ ವಿದ್ಯಾರ್ಥಿಯೂ ಕೈ ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ಕೆಲವು ವರ್ಷಗಳ ಹಿಂದೆ ಯಾರಾದರೂ ನನ್ನನ್ನೇ ಕೇಳಿದ್ದರೆ ನಾನೂ ಸುಮ್ಮನೆ ಕೂರುತ್ತಿದ್ದೆ. ಅವರ ಜೀವನವನ್ನು ತಿಳಿಯುವ ಆಸೆ ನನ್ನಲ್ಲಿ ಹುಟ್ಟಿದ್ದು ಒಂದು ಕಹಿ ಅನುಭವದ ನಂತರ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಅಮ್ಮಿ ಹೇಳದೆ ಉಳಿಸಿಕೊಂಡ ಮಾತು

ಅಮ್ಮಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಒಮ್ಮೆ ಕಾಲಿನ ಗಾಯ ವಾಸಿಯಾಗದೆ ದೊಡ್ಡ ಊರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದು ಈ ಲೇಖನದಲ್ಲಿ ಹೆಸರು ಬಂದಿರುವ ಯಾವ ಆಸ್ಪತ್ರೆಯೂ ಅಲ್ಲ, ಮಂಗಳೂರಿನದೂ ಅಲ್ಲ. ಚೀಟಿ ಬರೆಯುವಲ್ಲಿ ಉದ್ದದ ಸಾಲು ಇತ್ತು. ಅಮ್ಮಿಗೆ ಮನೆಯಲ್ಲಿ ಉರ್ದು ಮಾತನಾಡಿ ಅಭ್ಯಾಸ, ಕನ್ನಡದಲ್ಲಿ ಗಾಬರಿಯಾದರೆ ಮಾತು ತಡವರಿಸುತ್ತದೆ. ವಯಸ್ಸು ಕೇಳಿದಾಗ ಒಂದು ಕ್ಷಣ ತಡವಾಯಿತು. ಕೌಂಟರಿನಲ್ಲಿದ್ದವರು ಎಲ್ಲರ ಎದುರು ಗದರಿದರು. ವಾರ್ಡಿನಲ್ಲಿ ನರ್ಸ್ ಒಬ್ಬರು, ಗಾಯ ಇಷ್ಟು ಕೆಡುವ ತನಕ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ರೇಗಿದರು. ವೈದ್ಯರು ಬಂದು ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ ಅಮ್ಮಿ ಹೌದೆಂದು ತಲೆ ಆಡಿಸಿದರು.

ಅದು ನಿಜವಾಗಿರಲಿಲ್ಲ. ಸಂಜೆ ನೆಲ ಒರೆಸಲು ಬಂದ ವಯಸ್ಸಾದ ಆಯಾ ಒಬ್ಬರು ಅಮ್ಮಿಯ ಹೊದಿಕೆ ಸರಿಮಾಡಿ, ಊರು ಯಾವುದು, ಮಕ್ಕಳು ಎಷ್ಟು ಎಂದು ವಿಚಾರಿಸಿದರು. ಐದು ನಿಮಿಷದಲ್ಲಿ ಅಮ್ಮಿ ಎಲ್ಲವನ್ನೂ ಹೇಳಿಬಿಟ್ಟರು. ಮಾತ್ರೆ ತಿಂದರೆ ಹೊಟ್ಟೆ ಉರಿಯುತ್ತದೆಂದು ಒಂದು ತಿಂಗಳಿನಿಂದ ಅವರು ಸಕ್ಕರೆ ಮಾತ್ರೆ ಮುಟ್ಟಿರಲಿಲ್ಲ. ನಮಗೂ ಹೇಳಿರಲಿಲ್ಲ. ಆ ಮಾತು ಆಯಾ ಅವರಿಂದ ನರ್ಸಿಗೆ, ನರ್ಸಿನಿಂದ ವೈದ್ಯರಿಗೆ ಹೋಯಿತು. ಮರುದಿನ ಚಿಕಿತ್ಸೆಯ ಕ್ರಮವೇ ಬದಲಾಯಿತು, ಗಾಯ ನಿಧಾನವಾಗಿ ಒಣಗತೊಡಗಿತು.

ಅಂದು ನನಗೆ ಒಂದು ವಿಷಯ ಹೊಳೆಯಿತು. ರೋಗಿಯೊಡನೆ ದಯೆಯಿಂದ ನಡೆದುಕೊಳ್ಳುವುದು ಬರೀ ಒಳ್ಳೆಯ ಗುಣದ ಮಾತಲ್ಲ, ಅದು ಚಿಕಿತ್ಸೆಯ ಒಂದು ಭಾಗ. ಭಯ ಇದ್ದಲ್ಲಿ ರೋಗ ಅಡಗಿಕೊಳ್ಳುತ್ತದೆ, ಪ್ರೀತಿ ಕಂಡಲ್ಲಿ ಅದು ಹೊರಗೆ ಬರುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದಾಗ ಫಾದರ್ ಮುಲ್ಲರ್ ಅವರ ಜೀವನ ನನಗೆ ಬೇರೆಯೇ ರೀತಿಯಲ್ಲಿ ಅರ್ಥವಾಯಿತು.

ಪಾಠ ಹೇಳಲು ಬಂದವರು

ಆಗಸ್ಟಸ್ ಮುಲ್ಲರ್ ಅವರು ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ. ಕ್ರೈಸ್ತ ಧರ್ಮದ ಕ್ಯಾಥೊಲಿಕ್ ಪಂಗಡಕ್ಕೆ ಸೇರಿದ ಅವರು ಯೇಸುಸಭೆ ಎಂಬ ಸಂನ್ಯಾಸಿ ಸಂಘದ ಸದಸ್ಯರಾದರು. ವಿದ್ಯಾದಾನ ಈ ಸಂಘದ ಮುಖ್ಯ ಕೆಲಸಗಳಲ್ಲೊಂದು. 1872ರಲ್ಲಿ ಜರ್ಮನಿಯ ಸರ್ಕಾರ ಕಾನೂನು ಮಾಡಿ ಈ ಸಂಘವನ್ನು ದೇಶದಲ್ಲಿ ನಿಷೇಧಿಸಿತು. ಅಂದರೆ ಮುಲ್ಲರ್ ಅವರು ನಮ್ಮ ನಾಡಿಗೆ ಬರುವ ಹೊತ್ತಿಗೆ ಅವರ ಸಂಘಕ್ಕೆ ಅವರ ಹುಟ್ಟೂರಿನಲ್ಲೇ ಜಾಗವಿರಲಿಲ್ಲ.

1878ರ ಡಿಸೆಂಬರ್ 31ರಂದು ಯೇಸುಸಭೆಯ ಮೊದಲ ತಂಡ ಮಂಗಳೂರಿಗೆ ಬಂದಿತು. ಆ ತಂಡದಲ್ಲಿ ಮುಲ್ಲರ್ ಅವರೂ ಇದ್ದರು. ಅಂದಿನ ಮಂಗಳೂರು ಮದ್ರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. ರೈಲು ಇನ್ನೂ ಬಂದಿರಲಿಲ್ಲ, ಅದು ಬಂದದ್ದು 1907ರಲ್ಲಿ. ಪ್ರಯಾಣವೆಂದರೆ ಹಡಗು, ದೋಣಿ, ಎತ್ತಿನ ಗಾಡಿ. ಸಂಘದವರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಮುಲ್ಲರ್ ಅವರು ಅಲ್ಲಿ ಅಧ್ಯಾಪಕರಾದರು.

ಅಧ್ಯಾಪಕ ವೃತ್ತಿಯಲ್ಲಿರುವ ನಮ್ಮಂಥವರಿಗೆ ಇದು ಹೆಮ್ಮೆಯ ಸಂಗತಿ. ಇಂದು ಸಾವಿರಾರು ರೋಗಿಗಳು ಬಂದು ಹೋಗುವ ಆ ಆಸ್ಪತ್ರೆಯ ಬೀಜ ಮೊಳೆತದ್ದು ಒಬ್ಬ ಮೇಷ್ಟರ ಕೈಯಲ್ಲಿ. ಮುಲ್ಲರ್ ಅವರಿಗೆ ಹೋಮಿಯೋಪಥಿಯ ಪರಿಚಯವಿತ್ತು. ಪಾಠ ಹೇಳುವುದರ ಜೊತೆಗೆ ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ, ಸುತ್ತಮುತ್ತಲಿನ ಬಡವರಿಗೆ ಔಷಧಿ ಕೊಡತೊಡಗಿದರು. ಅದೇ 1880ರಲ್ಲಿ ಬಡವರಿಗಾಗಿಯೇ ಒಂದು ಹೋಮಿಯೋಪಥಿ ಔಷಧಾಲಯ ಹುಟ್ಟಿತು. ಬಡವರ ಔಷಧಾಲಯ ಎಂಬುದು ಅದರ ಹೆಸರಿನಲ್ಲೇ ಸೇರಿತ್ತು. ಕಂಕನಾಡಿ ಅದರ ನೆಲೆಯಾಯಿತು. ಒಂದು ಆಲದ ಮರದ ಕೆಳಗೆ ಈ ಕೆಲಸ ಆರಂಭವಾಯಿತೆಂದು ಮಂಗಳೂರಿನಲ್ಲಿ ಇಂದಿಗೂ ಹೇಳುತ್ತಾರೆ.

ಖರ್ಚಿಗೆ ದಾರಿಯನ್ನೂ ಅವರು ಕಂಡುಕೊಂಡರು. ಹೋಮಿಯೋಪಥಿ ಔಷಧಿಗಳನ್ನು ತರಿಸಿ, ದೇಶದ ನಾನಾ ಭಾಗಗಳಿಂದ ಕೇಳಿದವರಿಗೆ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ಆ ಮಾರಾಟದಿಂದ ಉಳಿದದ್ದು ಬಡರೋಗಿಗಳ ಆರೈಕೆಗೆ ಹೋಗುತ್ತಿತ್ತು. ಕೊಡುವ ಮನಸ್ಸು ಇದ್ದವರು ಅನೇಕರು, ಆದರೆ ಕೊಡುವುದು ನಾಳೆಯೂ ನಿಲ್ಲದಂತೆ ಏರ್ಪಾಡು ಮಾಡುವವರು ಕೆಲವರು. ಮುಲ್ಲರ್ ಅವರು ಆ ಕೆಲವರಲ್ಲಿ ಒಬ್ಬರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹೋಮಿಯೋಪಥಿ ಔಷಧಿಗಳಿಂದ ರೋಗ ಗುಣವಾಗುತ್ತದೆ ಎಂಬುದನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಈ ಲೇಖನ ಆ ಪದ್ಧತಿಯ ಪರವಾಗಿಯೂ ಅಲ್ಲ, ವಿರುದ್ಧವಾಗಿಯೂ ಅಲ್ಲ. ನಾವು ನೋಡಬೇಕಾದದ್ದು ಬೇರೆ. ಆ ಕಾಲದಲ್ಲಿ ಜನರನ್ನು ಅತಿ ಹೆಚ್ಚು ಹೆದರಿಸಿದ ಎರಡು ರೋಗಗಳಿಗೆ, ಅಂದರೆ ಕುಷ್ಠ ಮತ್ತು ಪ್ಲೇಗಿಗೆ, ಯಾವ ಪದ್ಧತಿಯ ವೈದ್ಯರ ಬಳಿಯೂ ಗುಣಪಡಿಸುವ ಖಚಿತವಾದ ಮದ್ದು ಇರಲಿಲ್ಲ. ಮದ್ದು ಇಲ್ಲದಾಗ ಉಳಿಯುವುದು ಏನು? ಸ್ವಚ್ಛವಾದ ಹಾಸಿಗೆ, ಹೊತ್ತಿಗೆ ಗಂಜಿ, ಹುಣ್ಣು ತೊಳೆದು ಕಟ್ಟುವ ಕೈ, ಹತ್ತಿರ ಬಂದು ಕೂರುವ ಒಬ್ಬ ಮನುಷ್ಯ. ಮುಲ್ಲರ್ ಅವರು ಈ ಎರಡೂ ರೋಗಗಳ ಎದುರು ಹಿಂದೆ ಸರಿಯಲಿಲ್ಲ.

ಹೊರಗೆ ಹಾಕಲ್ಪಟ್ಟವರ ಮನೆ

1890ರಲ್ಲಿ ಅವರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಸಂತ ಜೋಸೆಫರ ಹೆಸರಿನಲ್ಲಿ ಆಸ್ಪತ್ರೆ ಆರಂಭಿಸಿದರು. ಆ ಕಾಲವನ್ನು ಸ್ವಲ್ಪ ನೆನೆಯಿರಿ. ಕುಷ್ಠಕ್ಕೆ ಒಂದು ಸೂಕ್ಷ್ಮಾಣು ಕಾರಣವೆಂದು ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದದ್ದು 1873ರಲ್ಲಿ. ಆದರೆ ಆ ವಿಚಾರ ಜನರ ಮನಸ್ಸನ್ನು ತಲುಪಿರಲಿಲ್ಲ. ಪಾಪದ ಫಲ, ವಂಶದ ಶಾಪ ಎಂಬ ನಂಬಿಕೆಯೇ ಬಲವಾಗಿತ್ತು. ಮೈಮೇಲೆ ಮಚ್ಚೆ ಕಂಡವನು ಮೊದಲು ಅದನ್ನು ಬಟ್ಟೆಯೊಳಗೆ ಮುಚ್ಚುತ್ತಿದ್ದ. ಮುಚ್ಚಲು ಆಗದಂತಾದಾಗ ಮನೆಯವರು ಅವನನ್ನು ಹೊರಗೆ ಹಾಕುತ್ತಿದ್ದರು. 1898ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ಕುಷ್ಠರೋಗಿಗಳ ಕಾನೂನು ಕೂಡ, ಭಿಕ್ಷೆ ಬೇಡುವ ರೋಗಿಗಳನ್ನು ಹಿಡಿದು ಬೇರೆ ಇಡುವುದಕ್ಕೇ ಹೆಚ್ಚು ಗಮನ ಕೊಟ್ಟಿತು.

ಇಂಥ ದಿನಗಳಲ್ಲಿ ಅವರಿಗೆ ಒಂದು ಬಾಗಿಲು ತೆರೆಯುವುದು ಸುಲಭದ ಕೆಲಸವಲ್ಲ. ಅಲ್ಲಿಗೆ ಬಂದವನಿಗೆ ತನ್ನ ಗಾಯ ಮುಚ್ಚಿಡುವ ಅಗತ್ಯವಿರಲಿಲ್ಲ. ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಮುಚ್ಚಿಟ್ಟ ಗಾಯಕ್ಕೆ ಯಾರೂ ಪಟ್ಟಿ ಕಟ್ಟಲಾರರು.

ಕುಷ್ಠಕ್ಕೆ ಪರಿಣಾಮಕಾರಿ ಔಷಧಿ ಬಂದದ್ದು 1940ರ ದಶಕದಲ್ಲಿ. 1982ರಿಂದ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಬಹುಔಷಧ ಚಿಕಿತ್ಸೆ ಜಾರಿಗೆ ಬಂದು, ರೋಗ ಪೂರ್ಣ ಗುಣವಾಗುವಂತಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಹೀಗಿದ್ದೂ ಸ್ಪರ್ಶ ತಿಳಿಯದ ಮಚ್ಚೆಯನ್ನು ಮುಚ್ಚಿಟ್ಟು, ಬೆರಳು ಮಡಚಿದ ಮೇಲೆ ವೈದ್ಯರ ಬಳಿ ಹೋಗುವವರು ಇಂದೂ ಇದ್ದಾರೆ. ಕಾರಣ ಔಷಧಿಯ ಕೊರತೆಯಲ್ಲ, ಜನ ಏನೆಂದಾರು ಎಂಬ ಭಯ.

ಪ್ಲೇಗಿನ ವರ್ಷಗಳು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ವರ್ಷಗಳಲ್ಲಿ ದೇಶದ ತುಂಬ ಹರಡಿತು. 1898ರಲ್ಲಿ ಬೆಂಗಳೂರಿಗೆ ಬಂದಿತು. ಊರು ಬಿಟ್ಟು ಹೊಲಗದ್ದೆಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದರು. 1902ರಲ್ಲಿ ಮಂಗಳೂರಿನಲ್ಲೂ ಪ್ಲೇಗು ಕಾಣಿಸಿಕೊಂಡಿತು.

ಆ ರೋಗ ಹರಡಿದ ಬಗೆಯಲ್ಲಿ ನಮಗೊಂದು ದೊಡ್ಡ ಪಾಠವಿದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ತಡೆಯಲು ಸರ್ಕಾರ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ರೋಗಿಗಳನ್ನು ಬಲವಂತದಿಂದ ಎಳೆದೊಯ್ದರು, ಹೆಂಗಸರ ಮರ್ಯಾದೆಯನ್ನು ಲೆಕ್ಕಿಸಲಿಲ್ಲ, ಸಾಮಾನುಗಳನ್ನು ಬೀದಿಗೆ ಎಸೆದರು. ಉದ್ದೇಶ ರೋಗ ತಡೆಯುವುದೇ ಆಗಿತ್ತು. ಆದರೆ ಜನ ಹೆದರಿ ರೋಗಿಗಳನ್ನು ಬಚ್ಚಿಡತೊಡಗಿದರು. ಬಚ್ಚಿಟ್ಟ ಮನೆಯಿಂದ ರೋಗ ಪಕ್ಕದ ಮನೆಗೆ ಹೋಯಿತು. ಅದೇ ವರ್ಷ ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಅವರು ಬೇರೆ ದಾರಿ ತೋರಿಸಿದರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದ ಆ ಶಿಕ್ಷಕಿ, ಪ್ಲೇಗು ತಗುಲಿದ ಒಬ್ಬ ಬಾಲಕನನ್ನು ತಾವೇ ಹೊತ್ತು ಚಿಕಿತ್ಸೆಗೆ ತಂದು, ರೋಗ ತಮಗೂ ತಗುಲಿ, 1897ರ ಮಾರ್ಚ್ 10ರಂದು ಪ್ರಾಣ ಬಿಟ್ಟರು.

ಮಂಗಳೂರಿನಲ್ಲಿ ಪ್ಲೇಗು ಬಂದಾಗ ಮುಲ್ಲರ್ ಅವರಿಗೆ ಅರವತ್ತರ ಮೇಲೆ ವಯಸ್ಸಾಗಿತ್ತು. ತಾವು ಕಟ್ಟಿದ್ದನ್ನು ಕಾಪಾಡಿಕೊಂಡು, ಗೇಟು ಮುಚ್ಚಿ ಕುಳಿತಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು 1902ರಲ್ಲಿ ಪ್ಲೇಗು ರೋಗಿಗಳಿಗಾಗಿಯೇ ಬೇರೆ ಆಸ್ಪತ್ರೆ ತೆರೆದರು. ಪ್ಲೇಗನ್ನು ಗುಣಪಡಿಸುವ ಔಷಧಿಗಳು ಬರಲು ಇನ್ನೂ ನಾಲ್ಕು ದಶಕ ಕಾಯಬೇಕಿತ್ತು. ಹೋದ ರೋಗಿಗಳೆಲ್ಲರೂ ಬದುಕಿ ಬರುತ್ತಾರೆಂಬ ಭರವಸೆಯನ್ನು ಯಾರೂ ಕೊಡುವಂತಿರಲಿಲ್ಲ. ಆದರೂ ಬೀದಿಯಲ್ಲಿ ಅಥವಾ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಂಟಿಯಾಗಿ ಸಾಯಬೇಕಾದವನಿಗೆ ಒಂದು ಹಾಸಿಗೆ, ಒಂದು ಗುಟುಕು ನೀರು ಸಿಕ್ಕಿತು. ಬದುಕುವ ಶಕ್ತಿ ಉಳಿದಿದ್ದವನಿಗೆ ಬದುಕಲು ಒಂದು ಅವಕಾಶವೂ ಸಿಕ್ಕಿತು.

ಅವರ ಸೇವೆಯನ್ನು ಗುರುತಿಸಿ ಬ್ರಿಟಿಷ್ ಸರ್ಕಾರ 1907ರಲ್ಲಿ ಕೈಸರ್-ಎ-ಹಿಂದ್ ಪದಕ ನೀಡಿತು. 1910ರ ನವೆಂಬರ್ 1ರಂದು ಮಂಗಳೂರಿನಲ್ಲೇ ಅವರು ತೀರಿಕೊಂಡರು. ಮೂವತ್ತೆರಡು ವರ್ಷಗಳ ಹಿಂದೆ ಪರದೇಶಿಯಾಗಿ ಬಂದವರು ಈ ನೆಲದವರೇ ಆಗಿ ಹೋದರು. ಅವರು ನೆಟ್ಟದ್ದು ಬೆಳೆಯಿತು. 1985ರಲ್ಲಿ ಹೋಮಿಯೋಪಥಿ ವೈದ್ಯಕೀಯ ಕಾಲೇಜು, 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜು ಅಲ್ಲಿ ಆರಂಭವಾದವು. ಗುಣಪಡಿಸುವುದು ಮತ್ತು ಸಾಂತ್ವನ ನೀಡುವುದು, ಈ ಎರಡೂ ಆ ಸಂಸ್ಥೆಯ ಧ್ಯೇಯದಲ್ಲಿ ಜೊತೆಯಾಗಿಯೇ ಇವೆ. ಎರಡನೆಯದು ಮೊದಲನೆಯದಕ್ಕೆ ಅಲಂಕಾರವಾಗಿ ಸೇರಿಸಿದ್ದಲ್ಲ. ಸಂಸ್ಥಾಪಕರ ಕಾಲದಲ್ಲಿ ಎಷ್ಟೋ ರೋಗಿಗಳಿಗೆ ಕೊಡಲು ಸಾಧ್ಯವಿದ್ದದ್ದು ಎರಡನೆಯದು ಮಾತ್ರ.

ನಮ್ಮ ಊರಿನ ಹೆಸರು ಮತ್ತು ದೀಪ ಹಿಡಿದ ಹೆಂಗಸು

ಮುಲ್ಲರ್ ಅವರು ತೀರಿಕೊಂಡ ಅದೇ 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರೂ ಕಣ್ಣು ಮುಚ್ಚಿದರು. ಅವರ ಹೆಸರನ್ನು ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಆದರೆ ನಮ್ಮ ಊರಿಗೂ ಅವರಿಗೂ ಇರುವ ಒಂದು ಸಣ್ಣ ನಂಟು ನಿಮಗೆ ತಿಳಿದಿರಲಾರದು. 1880ರಿಂದ 1884ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ ಅವರಿಂದ ರಿಪ್ಪನ್‌ಪೇಟೆಗೆ ಈ ಹೆಸರು ಬಂದಿತೆಂದು ನಮ್ಮ ಹಿರಿಯರು ಹೇಳುತ್ತಾರೆ. ಆ ರಿಪ್ಪನ್ ಅವರ ಸುಧಾರಣೆಗಳಿಗೆ ಇಂಗ್ಲೆಂಡಿನಲ್ಲಿದ್ದುಕೊಂಡೇ ಬಲವಾಗಿ ಬೆಂಬಲ ಕೊಟ್ಟವರಲ್ಲಿ ನೈಟಿಂಗೇಲ್ ಒಬ್ಬರು. ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ, ಆದರೂ ಇಲ್ಲಿನ ನೀರು, ಚರಂಡಿ, ಜನರ ಆರೋಗ್ಯದ ಬಗ್ಗೆ ದಶಕಗಳ ಕಾಲ ದುಡಿದರು.

1854ರ ನವೆಂಬರಿನಲ್ಲಿ ಅವರು 38 ಮಹಿಳೆಯರ ತಂಡದೊಡನೆ ತುರ್ಕಿಯ ಇಸ್ತಾಂಬುಲ್ ನಗರದ ಉಸ್ಕುದಾರ್ ಭಾಗಕ್ಕೆ ಬಂದರು. ಅಲ್ಲಿನ ಸೆಲಿಮಿಯೆ ಎಂಬ ಸೈನಿಕ ವಸತಿಯೇ ಬ್ರಿಟಿಷರ ಆಸ್ಪತ್ರೆಯಾಗಿತ್ತು. ಗುಂಡೇಟಿಗಿಂತ ಹೆಚ್ಚು ಸೈನಿಕರು ಭೇದಿ, ಜ್ವರ, ಕೊಳಕಿನಿಂದ ಸಾಯುತ್ತಿದ್ದರು. ನೈಟಿಂಗೇಲ್ ಅವರು ರಾತ್ರಿ ದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದದ್ದು ನಿಜ. ಹಗಲಿನಲ್ಲಿ ಮಾಡಿದ್ದು ಅದಕ್ಕಿಂತ ದೊಡ್ಡ ಕೆಲಸ. ನೆಲ ಉಜ್ಜಿಸಿದರು, ಬಟ್ಟೆ ಒಗೆಯುವ ಏರ್ಪಾಡು ಮಾಡಿದರು, ರೋಗಿಗಳಿಗೆ ತಕ್ಕ ಅಡುಗೆ ಮನೆ ನಡೆಸಿದರು. 1855ರ ವಸಂತದಲ್ಲಿ ಸರ್ಕಾರದಿಂದ ಬಂದ ನೈರ್ಮಲ್ಯ ತಂಡ ಚರಂಡಿಗಳನ್ನು ಶುಚಿಗೊಳಿಸಿ ಗಾಳಿ ಆಡುವಂತೆ ಮಾಡಿದ ಮೇಲೆ ಸಾವಿನ ಪ್ರಮಾಣ ಬಹಳ ಇಳಿಯಿತು. ಯುದ್ಧ ಮುಗಿದ ಮೇಲೆ ನೈಟಿಂಗೇಲ್ ಅವರು ಆ ಸಾವುಗಳ ಲೆಕ್ಕವನ್ನು ಚಿತ್ರಗಳ ಮೂಲಕ ತೋರಿಸಿ ಸರ್ಕಾರದ ಕಣ್ಣು ತೆರೆಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ನರ್ಸಿಂಗ್ ಶಾಲೆ ಆರಂಭವಾಯಿತು. ನರ್ಸ್ ಕೆಲಸ ಕೀಳೆಂದು ಭಾವಿಸುತ್ತಿದ್ದ ಸಮಾಜ ಅದನ್ನು ಗೌರವದ ವೃತ್ತಿಯಾಗಿ ಕಾಣಲು ಆರಂಭಿಸಿತು.

ಮುಲ್ಲರ್, ನೈಟಿಂಗೇಲ್ ಇಬ್ಬರಲ್ಲೂ ಸಮಾನವಾದ ಒಂದು ಗುಣವಿದೆ. ಇಬ್ಬರೂ ದಯೆಯನ್ನು ಮನಸ್ಸು ಬಂದಾಗ ತೋರುವ ಭಾವನೆಯಾಗಿ ಬಿಡಲಿಲ್ಲ. ಅದನ್ನು ದಿನನಿತ್ಯದ ಏರ್ಪಾಡಾಗಿ ಮಾಡಿದರು.

ಎರಡು ಭಾಷೆಗಳ ಎರಡು ಪದಗಳು

ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಪದಗಳ ಕಡೆ ಸ್ವಲ್ಪ ಹೆಚ್ಚು ಗಮನ. ಆಸ್ಪತ್ರೆಯ ಆರೈಕೆಗೆ ಕನ್ನಡದಲ್ಲಿ ಶುಶ್ರೂಷೆ ಎನ್ನುತ್ತೇವೆ. ಇದು ಸಂಸ್ಕೃತದಿಂದ ಬಂದ ಪದ, ಇದರ ಮೂಲ ಅರ್ಥ ಕೇಳುವ ಇಚ್ಛೆ. ಕಿವಿಗೊಟ್ಟು ಕೇಳಬೇಕೆಂಬ ಮನಸ್ಸೇ ಮುಂದೆ ಸೇವೆ ಎಂಬ ಅರ್ಥ ಪಡೆಯಿತು. ಉರ್ದುವಿನಲ್ಲಿ ರೋಗಿಯ ಆರೈಕೆಗೆ ತೀಮಾರ್‌ದಾರಿ ಎನ್ನುತ್ತೇವೆ. ಫಾರ್ಸಿಯ ತೀಮಾರ್ ಎಂದರೆ ಕಾಳಜಿ, ಇನ್ನೊಬ್ಬರ ದುಃಖದ ಚಿಂತೆ. ಎರಡೂ ಪದಗಳಲ್ಲಿ ಔಷಧಿಯ ಹೆಸರೇ ಇಲ್ಲ. ಒಂದು ಕೇಳುವುದನ್ನು ಹೇಳುತ್ತದೆ, ಇನ್ನೊಂದು ಚಿಂತಿಸುವುದನ್ನು ಹೇಳುತ್ತದೆ. ಅಮ್ಮಿಯ ಬಳಿ ಆ ಆಯಾ ಮಾಡಿದ್ದು ಈ ಎರಡನ್ನೇ.

ಇಸ್ಲಾಮೀ ನಾಡುಗಳ ಹಳೆಯ ಆಸ್ಪತ್ರೆಗಳಿಗೆ ಬೀಮಾರಿಸ್ತಾನ್ ಎಂಬ ಹೆಸರಿತ್ತು, ಅಂದರೆ ರೋಗಿಗಳ ಮನೆ. 1154ರಲ್ಲಿ ಡಮಾಸ್ಕಸ್‌ನಲ್ಲಿ ನೂರುದ್ದೀನ್ ಸುಲ್ತಾನರು, 1284ರಲ್ಲಿ ಕೈರೋದಲ್ಲಿ ಕಲಾವೂನ್ ಸುಲ್ತಾನರು ಕಟ್ಟಿಸಿದ ಬೀಮಾರಿಸ್ತಾನ್‌ಗಳು ಇತಿಹಾಸದಲ್ಲಿ ಹೆಸರಾಗಿವೆ. ವಕ್ಫ್ ಆಸ್ತಿಯ ಆದಾಯದಿಂದ ನಡೆದ ಅವು ಬಡವರಿಗೂ ತೆರೆದಿದ್ದವು. ರೋಗಿಯನ್ನು ಕಂಡು ವಿಚಾರಿಸುವ ಇಯಾದತ್ ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ. ಹಾಗಾಗಿ ಒಬ್ಬ ಕ್ರೈಸ್ತ ಪಾದ್ರಿಯ ಜೀವನವನ್ನು ನಮ್ಮ ಸಂಚಿಕೆಯಲ್ಲಿ ಓದುವಾಗ ನಾವು ಪರಕೀಯವಾದುದನ್ನು ಓದುತ್ತಿಲ್ಲ. ನಮಗೆ ಕಲಿಸಿದ್ದನ್ನೇ ಇನ್ನೊಬ್ಬರು ಬದುಕಿ ತೋರಿಸಿದ ಬಗೆಯನ್ನು ಓದುತ್ತಿದ್ದೇವೆ.

ಕೆಲಸದ ಜಾಗದಲ್ಲಿ ದಯೆ

ಈಗ ಅಮ್ಮಿಯ ಮೇಲೆ ರೇಗಿದ ಆ ನರ್ಸ್ ವಿಷಯಕ್ಕೆ ಬರೋಣ. ಅಂದು ನನಗೆ ಅವರ ಮೇಲೆ ಬಹಳ ಸಿಟ್ಟು ಬಂದಿತ್ತು. ರಾತ್ರಿ ಅದೇ ಆಯಾ ಹೇಳಿದ ಮೇಲೆ ತಿಳಿಯಿತು: ಒಬ್ಬರು ರಜೆಯಲ್ಲಿದ್ದ ಕಾರಣ ಆ ನರ್ಸ್ ಹಿಂದಿನ ರಾತ್ರಿಯ ಪಾಳಿ ಮುಗಿಸಿ, ಮನೆಗೆ ಹೋಗದೆ ಹಗಲಿನ ಪಾಳಿಗೂ ನಿಂತಿದ್ದರು. ನಾವು ಹೋಗುವುದಕ್ಕೆ ಸ್ವಲ್ಪ ಮೊದಲು ಮೇಲಿನವರೊಬ್ಬರು ಅವರನ್ನು ರೋಗಿಗಳ ಎದುರಿಗೇ ಅವಮಾನ ಮಾಡಿದ್ದರು. ಗಾಯಗೊಂಡ ಮನಸ್ಸಿನವರು ನಮ್ಮ ಗಾಯ ತೊಳೆಯಲು ಬಂದಿದ್ದರು. ಇದರಿಂದ ಅವರ ಮಾತು ಸರಿಯೆಂದು ಆಗುವುದಿಲ್ಲ. ಆದರೆ ಕಠಿಣವಾದ ಮಾತು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ತಿರುಗಿ ಮಾತನಾಡಲಾರದ ರೋಗಿಯ ಮೇಲೆ ಬೀಳುತ್ತದೆ ಎಂಬುದು ಅರ್ಥವಾಯಿತು.

ಸಹೋದ್ಯೋಗಿಗಳ ನಡುವಿನ ಗೌರವ ಬರೀ ಸೌಜನ್ಯದ ಪ್ರಶ್ನೆಯಲ್ಲ. ಹಿರಿಯರ ಬೈಗುಳಕ್ಕೆ ಹೆದರುವ ಕಿರಿಯ ನರ್ಸ್ ತಾನು ತಪ್ಪು ಮದ್ದು ಕೊಟ್ಟಿದ್ದರೆ ಹೇಳುವುದಿಲ್ಲ. ಸಂದೇಹ ಬಂದರೂ ಇನ್ನೊಮ್ಮೆ ಕೇಳುವುದಿಲ್ಲ. ವೈದ್ಯರ ಬರಹ ಓದಲು ಬಾರದಿದ್ದರೂ ಊಹೆ ಮಾಡಿ ಕೆಲಸ ಮುಗಿಸುತ್ತಾಳೆ. ರೋಗಿ ಮಾತ್ರೆ ಬಿಟ್ಟದ್ದನ್ನು ಮುಚ್ಚಿಟ್ಟಂತೆಯೇ ಸಿಬ್ಬಂದಿ ತಪ್ಪನ್ನು ಮುಚ್ಚಿಡುತ್ತಾರೆ. ಅಲ್ಲೂ ಭಯ, ಇಲ್ಲೂ ಭಯ, ಎರಡರ ಬೆಲೆಯನ್ನೂ ತೆರುವುದು ರೋಗಿಯೇ. ತಪ್ಪನ್ನು ಕೂಡಲೇ ಹೇಳಿದವರನ್ನು ಅವಮಾನಿಸದೆ, ತಪ್ಪು ಮತ್ತೆ ಆಗದ ಏರ್ಪಾಡು ಮಾಡುವ ಆಸ್ಪತ್ರೆಯೇ ಸುರಕ್ಷಿತ ಆಸ್ಪತ್ರೆ.

ದಯೆ ಒಂದೇ ಕಡೆಯಿಂದ ಬರಬೇಕಾದದ್ದೂ ಅಲ್ಲ. ರೋಗಿಯ ಕಡೆಯವರಾದ ನಾವು ಒಬ್ಬರ ಜೊತೆ ಹತ್ತು ಜನ ವಾರ್ಡಿಗೆ ನುಗ್ಗುತ್ತೇವೆ, ಸರದಿ ತಪ್ಪಿಸಲು ಪ್ರಭಾವ ಬೀರುತ್ತೇವೆ, ಸಾವು ಸಂಭವಿಸಿದರೆ ವೈದ್ಯರ ಮೇಲೆ ಕೈ ಎತ್ತುವವರೂ ಇದ್ದಾರೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕ ಸರ್ಕಾರ 2009ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹೆದರಿದ ವೈದ್ಯರು ಕಷ್ಟದ ರೋಗಿಯನ್ನು ಮುಟ್ಟಲು ಹಿಂಜರಿದು ಮುಂದಿನ ಊರಿಗೆ ಕಳುಹಿಸಿಬಿಡುತ್ತಾರೆ. ಘಟ್ಟದ ತಿರುವಿನಲ್ಲಿ ಅದರ ಫಲ ಅನುಭವಿಸುವವರು ಮತ್ತೆ ನಾವೇ.

ನಮ್ಮ ಮಲೆನಾಡಿಗೆ ಈ ಪಾಠ ಬಹಳ ಹತ್ತಿರದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಅದನ್ನು ನೇರವಾಗಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ದೇಹದ ನೀರಿನಂಶ ಕಾಯುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಎಚ್ಚರದ ಶುಶ್ರೂಷೆ, ಇವೇ ಚಿಕಿತ್ಸೆ. ಜ್ವರ ಬಂದ ಮೊದಲ ದಿನವೇ ಜನ ಆಸ್ಪತ್ರೆಗೆ ಬರಬೇಕಾದರೆ, ಅಲ್ಲಿ ಗದರುವುದಿಲ್ಲ ಎಂಬ ನಂಬಿಕೆ ಇರಬೇಕು. ಮುಲ್ಲರ್ ಅವರ ಕಾಲದ ಪಾಠ ಹಳೆಯದಾಗಿಲ್ಲ.

ನಾವು ಮಾಡಬಹುದಾದದ್ದು

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ನರ್ಸಿಂಗ್, ಫಾರ್ಮಸಿ, ಲ್ಯಾಬ್ ತರಬೇತಿಗೆ ಹೋಗುವಿರಿ. ಅಂಕಗಳು ನಿಮ್ಮನ್ನು ಕಾಲೇಜಿನ ಬಾಗಿಲಿನವರೆಗೆ ಕರೆದೊಯ್ಯುತ್ತವೆ. ರೋಗಿಯ ಮನಸ್ಸಿನ ಬಾಗಿಲು ತೆರೆಯಲು ಬೇರೆ ಕೀಲಿಕೈ ಬೇಕು. ಮೊದಲು ಹೆಸರು ಕೇಳಿ, ಕುಳ್ಳಿರಿಸಿ, ಆಮೇಲೆ ರೋಗದ ಬಗ್ಗೆ ಕೇಳಿರಿ. ಹಿರಿಯರನ್ನು ಹಾಸಿಗೆಯ ನಂಬರಿನಿಂದ ಕರೆಯದೆ ಅಜ್ಜ, ಅಜ್ಜಿ, ಚಾಚಾ, ಖಾಲಾ ಎಂದು ಕರೆಯಿರಿ. ಅದಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ.

ಸಂಘದ ಸದಸ್ಯರಲ್ಲಿ ಒಂದು ಸಣ್ಣ ವಿನಂತಿ. ನಮ್ಮಲ್ಲಿ ಉರ್ದು ಬಿಟ್ಟು ಬೇರೆ ಭಾಷೆ ಸರಿಯಾಗಿ ಬಾರದ ತಾಯಂದಿರು ಎಷ್ಟೋ ಮಂದಿ ಇದ್ದಾರೆ. ಅವರು ಆಸ್ಪತ್ರೆಗೆ ಹೋಗುವಾಗ ಕನ್ನಡ ಬಲ್ಲ ಒಬ್ಬ ಯುವಕನೋ ಯುವತಿಯೋ ಜೊತೆಗಿದ್ದು, ಅವರ ಮಾತನ್ನು ವೈದ್ಯರಿಗೆ, ವೈದ್ಯರ ಮಾತನ್ನು ಅವರಿಗೆ ತಿಳಿಸುವ ಏರ್ಪಾಡನ್ನು ನಾವು ಮಾಡಬಹುದು. ತಿನ್ನುವ ಮಾತ್ರೆಗಳ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದುಕೊಟ್ಟರೂ ದೊಡ್ಡ ಉಪಕಾರ. ಔಷಧಾಲಯವನ್ನು ಎಲ್ಲರೂ ಕಟ್ಟಲಾರೆವು, ಬೆಂಚಿನ ಮೇಲೆ ಜೊತೆಗೆ ಕೂರುವುದನ್ನು ಎಲ್ಲರೂ ಮಾಡಬಲ್ಲೆವು.

ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಮ್ಮಿಯನ್ನು ಮನೆಗೆ ಕರೆತಂದ ವಾರದಲ್ಲೇ, ನಿದ್ದೆಗೆಟ್ಟ ಕಣ್ಣಿನಲ್ಲಿ ಶಾಲೆಗೆ ಹೋಗಿದ್ದೆ. ಮನೆಪಾಠ ಬರೆಯದ ಹುಡುಗನೊಬ್ಬನನ್ನು ತರಗತಿಯ ಎದುರು ನಿಲ್ಲಿಸಿ ಬೈದೆ. ಅವನು ತಲೆ ತಗ್ಗಿಸಿದನೇ ಹೊರತು ಕಾರಣ ಹೇಳಲಿಲ್ಲ. ಅವನ ತಂದೆ ಮೂರು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ, ರಾತ್ರಿ ಜೊತೆಗೆ ಮಲಗುವುದು ಇವನೇ ಎಂದು ಗೆಳೆಯನೊಬ್ಬ ಮಧ್ಯಾಹ್ನ ಬಂದು ಹೇಳಿದ. ಕೌಂಟರಿನಲ್ಲಿ ಗದರಿದವರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು? ಸಂಜೆ ಆ ಹುಡುಗನ ಬಳಿ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಅವನ ಜೊತೆ ಆಸ್ಪತ್ರೆಗೆ ಹೋಗಿ ಅವನ ತಂದೆಯನ್ನು ನೋಡಿ ಬಂದೆ.

ಕಂಕನಾಡಿಯ ಆ ಮೇಷ್ಟರು ತರಗತಿಯಿಂದ ರೋಗಿಯ ಬಳಿಗೆ ನಡೆದ ದಾರಿ ದೊಡ್ಡದು. ನಮ್ಮ ನಮ್ಮ ಕೆಲಸದ ಜಾಗದಲ್ಲಿ ಆ ದಾರಿಯ ನಾಲ್ಕು ಹೆಜ್ಜೆಯನ್ನಾದರೂ ನಾವು ನಡೆಯೋಣ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಅವರನ್ನು ನೋಡಿಕೊಳ್ಳುವ ಕೈಗಳಿಗೆ ಬಲವನ್ನೂ ನಾಲಿಗೆಗೆ ಮೃದುತ್ವವನ್ನೂ ಕೊಡಲಿ. ಆಮೀನ್.